ಶಾಂತಿನಾಥರ ಗಾಡಿಗೆ ಶಾಂತಿ

ಯಲ್ಲಪ್ಪ: ಗ್ಯಾಸ್ಕೆಟ್ ಹೋಗೈತ್ರಿ!

ಜಿನ್ನವ್ವ: ಏನಂದಿ?

ಯಲ್ಲಪ್ಪ: ಗ್ಯಾಸ್ಕೆಟ್ ರೀ ಅಕ್ಕಾರ, ಗ್ಯಾಸ್ಕೆಟ್!

ಜಿನ್ನವ್ವ: ಗ್ಯಾಸ್ ಕೆಟ್ಟಿದ್ದು ನನಗ ಗೊತ್ತೈತೆಪಾ! ದಿನಾ ಊಟ ಆದ ಮ್ಯಾಲ ಅಜವಾನದ ನೀರು ಕುಡಸ್ತೇನಿ. ನೀ ಇವರ ಹೊಟ್ಟಿ ಸುದ್ದಿ ಬಿಡು, ಮೊದಲ ಗಾಡಿ ನೋಡು!

ಶಾಂತಿನಾಥ: ಅಂವ ಗಾಡೀದ ಹೇಳಾಕತ್ತಾನ!

ಜಿನ್ನವ್ವ: ಗಾಡಿಗೂ ಹತ್ತಿತಾ ನಿಮ್ಮ ಜಡ್ಡು?

ಯಲ್ಲಪ್ಪ: ಮ್ಯಾನಿಫೋಲ್ಡೂ ಒಡದೈತ್ರಿ!

ಜಿನ್ನವ್ವ: ಯಾರ ಮನಿ ಒಡದೈತಿ?

ಯಲ್ಲಪ್ಪ: ನಿಮ್ದ ರೀ! ನಡುವ ಬಿರುಕ ಬಿಟ್ಟೈತಿ. ಬಾಳ ದಿನದ್ದ ಇದು!

ಜಿನ್ನವ್ವ: ಕೇಳಿದ್ರಿ? ನಮ್ಮ ಮನಿ ಸುದ್ದಿ ಗೋಕಾಕದ ಗ್ಯಾರೇಜ್ ತನಕಾ ಬಂತು. ಇದು ನಿಮ್ಮ ಅಕ್ಕ ಭರಮವ್ವನ ಕೆಲಸನ. ಆಕಿನ್ನ ಬಿಟ್ಟರ ಬ್ಯಾರೆ ಯಾರ ಹೇಳತಾರ?

ಶಾಂತಿನಾಥ: ಯಲ್ಲಪ್ಪಾ, ನಿನ್ನ ಕಾಲ ಬೀಳ್ತೇನಿ, ಮೊದಲ ಇಂಜಿನ್ ಬಂದ್ ಮಾಡೋ!

ಮೆಕ್ಯಾನಿಕ್ ಯಲ್ಲಪ್ಪ ಗಾಡಿಯ ಕಿಟಕಿಯೊಳಗೆ ಕೈ ಹಾಕಿ ಚಾವಿ ತಿರುಗಿಸಿದ. ಗ್ಯಾರೇಜಿನ ತಗಡುಗಳು ನಡುಗುವುದನ್ನು ನಿಲ್ಲಿಸಿದವು. ಎದುರಿನ ಚಹಾದಂಗಡಿಯವನು ಕಿವಿಯಿಂದ ಬೆರಳು ತೆಗೆದ.

ಗಾಡಿ ಶಾಂತಿನಾಥರದು. ಮೂಡಲಗಿಯಲ್ಲಿ ಅವರದೊಂದು ಪಾತ್ರೆ ಅಂಗಡಿ. ತಂದೆಯ ಕಾಲದ ಈ ಅಂಬಾಸಡರ್ ಕಾರನ್ನು ಅವರು ಮಗನಂತೆ ಸಾಕಿಕೊಂಡು ಬಂದಿದ್ದರು. ಕೆನೆ ಬಣ್ಣ, ಗುಂಡು ದೀಪ, ಮುಖ ಕಾಣುವಷ್ಟು ತಿಕ್ಕಿದ ಬಂಪರು. ಮುಂದಿನಿಂದ ನೋಡಿದರೆ ಬೀಗರ ಮನೆಗೆ ಹೊರಟ ಹಿರಿಯರ ಕಳೆ. ಹಿಂದಿನಿಂದ ಕೇಳಿದರೆ ಮಾತ್ರ ಜೋಳದ ರಾಶಿ ಮಾಡುವ ಯಂತ್ರ. ಹೊಗೆ ಕೊಳವೆ ಎಲ್ಲೆಲ್ಲಿ ತುಕ್ಕು ಹಿಡಿದಿತ್ತೋ ಅಲ್ಲೆಲ್ಲ ಶಾಂತಿನಾಥರು ತಗಡು, ತಂತಿ, ಕೊನೆಗೆ ಅಂಗಡಿಯಲ್ಲಿ ಮಾರದೆ ಉಳಿದ ಒಂದು ಅಲ್ಯೂಮಿನಿಯಂ ತಂಬಿಗೆಯ ತಳ ಕೂಡ ಸುತ್ತಿದ್ದರು. ಆ ಸದ್ದು ಅವರಿಗೆ ಸದ್ದಲ್ಲ, ಗತ್ತು.

ಹೆಂಡತಿ ಜಿನ್ನವ್ವನವರು ಮಾತ್ರ, ಹೊಸ ಸೈಲೆನ್ಸರ್ ಹಾಕಿಸದೆ ಇನ್ನು ಆ ಗಾಡಿ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದರು. ಹುಕ್ಕೇರಿಯಲ್ಲಿರುವ ಅವರ ತಮ್ಮ ಧನ್ಯಕುಮಾರ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಅವನನ್ನು ನೋಡಲು ಹೋಗಬೇಕು. ಮಾವನ ಊರಿಗೆ ಹೆಂಡತಿ ಬಸ್ಸಿನಲ್ಲಿ, ತಾವು ಕಾರಿನಲ್ಲಿ ಹೋಗಿ ಇಳಿದರೆ ಹುಕ್ಕೇರಿಯ ಮಂದಿ ಏನೆಂದಾರು? ಈ ಮರ್ಯಾದೆಯ ಪ್ರಶ್ನೆ ಶಾಂತಿನಾಥರನ್ನು ಗೋಕಾಕದ ಗ್ಯಾರೇಜಿಗೆ ಎಳೆದು ತಂದಿತ್ತು.

ಶಾಂತಿನಾಥ: ಪೂರಾ ಬದಲ ಮಾಡಬ್ಯಾಡೋ ಯಲ್ಲಪ್ಪಾ. ಒಂದ ಸ್ವಲ್ಪ ಆವಾಜ್ ಇಡು. ಗಾಡಿ ಬಂತು ಅಂತ ಗೊತ್ತಾಗಬೇಕು.

ಜಿನ್ನವ್ವ: ಯಾರಿಗೆ ಗೊತ್ತಾಗಬೇಕು? ಮೊನ್ನೆ ಬಸದಿಯೊಳಗ ಮುನಿ ಮಹಾರಾಜರು ಮೌನದ ಬಗ್ಗೆ ಪ್ರವಚನ ಹೇಳಾಕತ್ತಿದ್ರು. ಇವರು ನನ್ನ ಕರಕೊಂಡ ಹೋಗಾಕ ಬಂದ್ರು. ಮಹಾರಾಜರು ಪ್ರವಚನ ನಿಲ್ಲಿಸಿ ತಾವ ಮೌನ ಹಿಡದ ಕುಂತ್ರು!

ಶಾಂತಿನಾಥ: ನೋಡ್ದ್ಯಾ? ನನ್ನ ಗಾಡಿಯಿಂದನ ಅಲ್ಲಿ ಮೌನ ಆತು.

ಯಲ್ಲಪ್ಪ: ಸಾಹುಕಾರ್ರ, ಇದರಾಗ ಇಡಾಕ ಏನೂ ಉಳದಿಲ್ರಿ. ಮಫ್ಲರಂತೂ ಪೂರಾ ತುಕ್ಕ ತಿಂದೈತಿ.

ಜಿನ್ನವ್ವ: ಮಫ್ಲರಿಗೆ ತುಕ್ಕ ಹೆಂಗ ತಿಂತೈತಿ? ಉಣ್ಣಿದು, ಹುಳ ತಿಂದಿರಬೇಕು. ಥಂಡಿಯೊಳಗ ಕಿವಿಗೆ ಸುತ್ತಕೋರಿ ಅಂತ ಕೊಟ್ಟರ ಅದನ್ನೂ ಒಯ್ದು ಗಾಡಿಗೆ ಸುತ್ತೀರಾ?

ಶಾಂತಿನಾಥ: ಸೈಲೆನ್ಸರಿಗೆ ಮಫ್ಲರ್ ಅಂತಾರ!

ಜಿನ್ನವ್ವ: ಹಂಗಾರ ನನ್ನ ಉಣ್ಣಿ ಮಫ್ಲರ್ ಎಲ್ಲೈತಿ?

ಶಾಂತಿನಾಥರು ಬಗ್ಗಿ ಬಂಪರು ಒರೆಸತೊಡಗಿದರು. ಯಲ್ಲಪ್ಪ ಗಾಡಿಯ ಕೆಳಗೆ ತೂರಿಕೊಂಡಿದ್ದವನು ಅಲ್ಲಿಂದಲೇ ಒಂದು ಕರಿ ಮಸಿಯ ಉಂಡೆಯನ್ನು ಹೊರಗೆ ತಳ್ಳಿದ. ಅದರ ಒಂದು ಅಂಚಿನಲ್ಲಿ ಇನ್ನೂ ಹಸಿರು ಉಣ್ಣೆಯ ಗೊಂಡೆ ಉಳಿದಿತ್ತು.

ಜಿನ್ನವ್ವ: ನನ್ನ ಕೈಯಾರೆ ಹೆಣದಿದ್ದೆ.

ಶಾಂತಿನಾಥ: ಅದಕ್ಕ ಇಷ್ಟ ದಿನ ತಾಳಿತು. ಅಂಗಡೀದಾಗಿಂದು ತಂದಿದ್ರ ಎಂದೋ ಸುಟ್ಟಹೋಗತಿತ್ತು.

ಈ ಹೊಗಳಿಕೆಗೆ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಜಿನ್ನವ್ವ ಬೆಂಚಿನ ಮೇಲೆ ಕುಳಿತರು. ತೊಡೆಯ ಮೇಲೆ ತಮ್ಮನಿಗೆಂದು ಕಟ್ಟಿದ ಅಂಟಿನ ಉಂಡೆಯ ಡಬ್ಬಿ, ಪಕ್ಕದಲ್ಲಿ ಕಾಲಿಗೆ ತಿಕ್ಕುವ ಎಣ್ಣೆಯ ಶೀಸೆ, ಕೆಳಗೆ ಬಟ್ಟೆಯ ಗಂಟು. ಧನ್ಯನ ಕಾಲು ಕೂಡುವತನಕ ಅಲ್ಲೇ ಇದ್ದು ಆರೈಕೆ ಮಾಡುವುದೆಂದು ಅವರು ನಿಶ್ಚಯಿಸಿ ಹೊರಟಿದ್ದರು.

ಹಳೆಯ ಕೊಳವೆ ಬಿಚ್ಚುವುದು ಸುಲಭವಾಗಲಿಲ್ಲ. ಬೋಲ್ಟುಗಳು ಎಣ್ಣೆಗೂ ಬಗ್ಗಲಿಲ್ಲ, ಬೈಗಳಿಗೂ ಬಗ್ಗಲಿಲ್ಲ. ಕೊನೆಗೆ ಕಟರ್ ಹಿಡಿದು ಕೊಯ್ಯಬೇಕಾಯಿತು. ಕೊಯ್ದ ತುಂಡು ಢಣ್ಣೆಂದು ನೆಲಕ್ಕೆ ಬಿದ್ದಾಗ ಶಾಂತಿನಾಥರು ಎದೆಯ ಮೇಲೆ ಕೈ ಇಟ್ಟುಕೊಂಡರು.

ಶಾಂತಿನಾಥ: ಆ ತುಂಡ ಡಿಕ್ಕಿಯೊಳಗ ಇಡೋ. ಮನಿಗೆ ಒಯ್ತೇನಿ.

ಜಿನ್ನವ್ವ: ಯಾಕ? ಹೊಳಿಯೊಳಗ ಬಿಡಾಕಾ?

ಶಾಂತಿನಾಥ: ಅಪ್ಪನ ಕಾಲದ್ದು ಅದು.

ಜಿನ್ನವ್ವ: ಅಪ್ಪನ ಕಾಲದ್ದು ಕೊಳವಿ. ಉಳದಿದ್ದು ನನ್ನ ಮಫ್ಲರು, ನಿಮ್ಮ ತಂಬಿಗಿ. ಬ್ಯಾಡ, ಇಲ್ಲೇ ಇರಲಿ.

ಹೊಸ ಕೊಳವೆ ಮುಂದಿನಿಂದ ಹಿಂದಿನವರೆಗೆ ಹೊಳೆಯುತ್ತಿತ್ತು. ಯಲ್ಲಪ್ಪ ಇಂಜಿನ್ನಿನ ಹೊಗೆ ಹೊರಬೀಳುವ ಒಡೆದ ಮ್ಯಾನಿಫೋಲ್ಡನ್ನು ಬದಲಿಸಿದ, ಸಂದು ಮುಚ್ಚುವ ಗ್ಯಾಸ್ಕೆಟ್ ಕೂರಿಸಿದ, ಕೊಳವೆಯನ್ನು ಎತ್ತಿ ಜೋಡಿಸಿದ, ಹೊಟ್ಟೆಯಂಥ ಸೈಲೆನ್ಸರ್ ಡಬ್ಬಿಯನ್ನು ರಬ್ಬರಿನ ಕುಣಿಕೆಗಳಿಗೆ ತೂಗುಹಾಕಿದ. ಬಾಲದ ತುದಿ ಬಂಪರಿಗೆ ತಾಗದಂತೆ ಬೆರಳು ಆಡಿಸಿ ನೋಡಿದ. ಬಳಿಕ ಕೈ ಒರೆಸಿಕೊಳ್ಳುತ್ತ ಎದ್ದುನಿಂತ.

ಯಲ್ಲಪ್ಪ: ಹಚ್ಚರಿ ಸಾಹುಕಾರ್ರ.

ಶಾಂತಿನಾಥರು ಚಾವಿ ತಿರುಗಿಸಿದರು.

ಶಾಂತಿನಾಥ: ಹತ್ತವಲ್ದು.

ಯಲ್ಲಪ್ಪ: ಹತ್ತೈತ್ರಿ.

ಶಾಂತಿನಾಥ: ಎಲ್ಲಿ ಹತ್ತೈತೋ? ಸುಮ್ಕ ಕುಂತೈತಿ.

ಅವರು ಮತ್ತೆ ಚಾವಿ ತಿರುಗಿಸಿದರು. ಗಾಡಿ ಕರಕರ ಹಲ್ಲು ಕಡಿಯಿತು.

ಯಲ್ಲಪ್ಪ: ಚಾಲೂ ಇದ್ದ ಇಂಜಿನ್ನಿಗೆ ಮತ್ತ ಸೆಲ್ಫ್ ಹೊಡೀಬ್ಯಾಡ್ರಿ! ಹಿಂದ ಬಂದು ಕೈ ಇಟ್ಟ ನೋಡ್ರಿ, ಬಿಸಿ ಗಾಳಿ ಬರಾಕತ್ತೈತಿ.

ಶಾಂತಿನಾಥರು ಇಳಿದು ಹೋಗಿ ಕೊಳವೆಯ ತುದಿಗೆ ಅಂಗೈ ಒಡ್ಡಿದರು. ಜಡ್ಡಿನವರ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುವವರ ಹಾಗೆ ಬಹಳ ಹೊತ್ತು ಹಿಡಿದರು.

ಶಾಂತಿನಾಥ: ಜೀವ ಐತಿ.

ಜಿನ್ನವ್ವ: ಐತಿ ಅಂದ್ರ ನಡೀರಿ.

*

ಕೊಣ್ಣೂರು ದಾಟುವತನಕ ಎಲ್ಲ ಸರಿಯಿತ್ತು. ಎರಡೂ ಬದಿಗೆ ಕಬ್ಬು ನಿಂತಿತ್ತು, ಗಾಡಿ ಬೆಣ್ಣೆಯಲ್ಲಿ ಚಾಕು ಇಳಿದಂತೆ ಹೋಗುತ್ತಿತ್ತು. ಜಿನ್ನವ್ವ ಗೆದ್ದ ಮುಖದಲ್ಲಿ ಕುಳಿತಿದ್ದರು. ಆಮೇಲೆ ಅವರ ಹುಬ್ಬು ಗಂಟಿಕ್ಕಿತು.

ಜಿನ್ನವ್ವ: ಯಾರೋ ನರಳಾಕತ್ತಾರ. ಹಿಂದಿನ ಸೀಟಿನಾಗ ಯಾರರೆ ಅದಾರಾ?

ಶಾಂತಿನಾಥ: ನಾ ಹಾಡಾಕತ್ತೇನಿ.

ಜಿನ್ನವ್ವ: ಇದು ಹಾಡಾ? ಗಾಡಿಯೊಳಗ ಕುಂತಾಗೆಲ್ಲಾ ಇದನ್ನ ಹಾಡತಿದ್ರ್ಯಾ?

ಶಾಂತಿನಾಥ: ಲಗ್ನ ಆದಾಗಿಂದ. ನಿನ್ನ ಸಲುವಾಗೇ ಹಾಡತಿದ್ದೆ. ನೀ ನಕ್ಕೋಂತ ಕೇಳತಿದ್ದಿ.

ಜಿನ್ನವ್ವ: ನಾ ನಗತಿದ್ದಿಲ್ಲ. ಸಪ್ಪಳಕ್ಕ ಹಲ್ಲ ಕಡಕೊಂಡ ಕುಂಡರತಿದ್ದೆ.

ಮುಂದೆ ರಸ್ತೆಯ ಉಬ್ಬು ಬಂತು. ಗಾಡಿ ಎಗರಿ ಇಳಿಯಿತು. ಜಿನ್ನವ್ವನವರ ತುಟಿ ಅಭ್ಯಾಸಬಲದಿಂದ ಅಲುಗಿತು. ಆದರೆ ಈ ಸಲ ಅದು ಕೇಳಿಸಿತು.

ಶಾಂತಿನಾಥ: ಏನಂದಿ?

ಜಿನ್ನವ್ವ: ಏನಿಲ್ಲ.

ಶಾಂತಿನಾಥ: "ಕಣ್ಣೇನ ಮೂಡಲಗ್ಯಾಗ ಇಟ್ಟ ಬಂದೀಯೇನೋ ಹಳೇ ಕೋಣಾ" ಅಂದಿ.

ಜಿನ್ನವ್ವ: ನಿಮಗಲ್ಲ, ರಸ್ತೇಕ್ಕ ಅಂದೆ.

ಶಾಂತಿನಾಥ: ರಸ್ತೇಕ್ಕ ಕಣ್ಣ ಎಲ್ಲಿರತಾವು? ಜಿನ್ನವ್ವಾ, ಗಾಡಿಯೊಳಗ ನಿನ್ನ ತುಟಿ ಅಲ್ಲಾಡೂದು ನೋಡಿ ನೀ ಣಮೋಕಾರ ಮಂತ್ರ ಹೇಳತಿ ಅಂತ ತಿಳದಿದ್ದೆ. ಊರಾಗೆಲ್ಲಾ ಹೇಳಕೊಂಡ ಅಡ್ಡ್ಯಾಡೇನಿ, ನಮ್ಮಾಕಿ ದಾರಿ ತುಂಬಾ ಮಂತ್ರ ಬಿಡೂದಿಲ್ಲ ಅಂತ.

ಜಿನ್ನವ್ವ: ಒಂದೊಂದ ಸಲ ಮಂತ್ರಾನೂ ಹೇಳತಿದ್ದೆ. ಲಾರಿ ಎದುರಿಗೆ ಬಂದಾಗ.

ಸ್ವಲ್ಪ ದೂರ ಇಬ್ಬರೂ ಮಾತಾಡಲಿಲ್ಲ. ಮಾತಾಡದೆ ಇರುವುದು ಕೂಡ ಈಗ ಕೇಳಿಸುತ್ತಿತ್ತು. ಅದನ್ನು ತಾಳಲಾರದೆ ಶಾಂತಿನಾಥರೇ ಬಾಯಿಬಿಟ್ಟರು.

ಶಾಂತಿನಾಥ: ಈಗ ನನ್ನ ಹಾರ್ಮೋನಿಯಂ ಪೇಟಿ ಇದ್ದಿದ್ರ ಹಾಡಿಗೆ ಒಂದ ಶ್ರುತಿ ಸಿಗತಿತ್ತು. ಯಾವ ಕಳ್ಳ ಒಯ್ದನೋ. ನಮ್ಮ ಅಂಗಡಿ ಬಾಜೂಕ ಗಡಿಗಿ ಮಾರತಾನಲ್ಲ, ಆ ಶಿದ್ಲಿಂಗಪ್ಪನ ಮ್ಯಾಲನ ನನಗ ಸಂಶೇ.

ಜಿನ್ನವ್ವ: ಪಾಪ, ಅಂವ ಯಾಕ ಒಯ್ತಾನ? ಧನ್ಯಾನ ಹಂತ್ಯಾಕ ಐತಿ.

ಗಾಡಿ ತಾನಾಗಿಯೇ ನಿಧಾನವಾಯಿತು.

ಶಾಂತಿನಾಥ: ಯಾವ ಧನ್ಯಾ?

ಜಿನ್ನವ್ವ: ನನ್ನ ತಮ್ಮ ಧನ್ಯಾ. ನಿಮ್ಮನ್ನ ಕೇಳೇ ಕೊಟ್ಟೇನಿ. ಇದ ಗಾಡಿಯೊಳಗ ಕುಂತ ಕೇಳಿದೆ, "ಪೇಟಿ ಧನ್ಯಾಗ ಕೊಡಲಿ?" ಅಂತ. "ಹೂಂ ಹೂಂ" ಅಂದ್ರಿ.

ಶಾಂತಿನಾಥ: ನಾ ಹಾಡತಿದ್ದೆನಲ್ಲ! ಅದು ಹಾಡಿನ ಹೂಂ!

ಜಿನ್ನವ್ವ: ಹಾಡಿನ ಹೂಂ ಯಾವದು, ಮಾತಿನ ಹೂಂ ಯಾವದು ಅಂತ ನನಗ ಹೆಂಗ ಗೊತ್ತಾಗಬೇಕು?

ಶಾಂತಿನಾಥ: ಆ ಪೇಟಿ ಸಲುವಾಗಿ ನಾ ಶಿದ್ಲಿಂಗಪ್ಪನ ಕೂಡ ಮಾತ ಬಿಟ್ಟೇನಿ. ಎದುರಿಗೆ ಬಂದ್ರ ಮಾರಿ ತಿರುವತೇನಿ!

ಜಿನ್ನವ್ವ: ನಾಳೆಯಿಂದ ಇತ್ತಾಗ ತಿರುವರಿ.

ಶಾಂತಿನಾಥ: ಆತು. ಆತು ಬಿಡು. ನೀ ಕೇಳಿದ್ದಕ್ಕ ನಾ ಹೂಂ ಅಂದಿದ್ದು ಲೆಕ್ಕಕ್ಕ ಐತಿ ಅಂದ್ರ, ನಾ ಕೇಳಿದ್ದಕ್ಕ ನೀ ಹೂಂ ಅಂದಿದ್ದೂ ಲೆಕ್ಕಕ್ಕ ಐತಿ. ಭರಮಕ್ಕಗ ನಾ ಮಾತ ಕೊಟ್ಟಾಗೈತಿ.

ಜಿನ್ನವ್ವ: ಏನಂತ?

ಶಾಂತಿನಾಥ: ಯಮಕನಮರಡ್ಯಾಗ ಒಬ್ಬಾಕಿನ ಇರಬ್ಯಾಡ, ನಮ್ಮ ಮನಿಗೆ ಬಂದಬಿಡು ಅಂತ. ಕಾಯಂ.

ಡಬ್ಬಿಯೊಳಗಿನ ಉಂಡೆಗಳು ಗಡಗಡ ಎಂದವು. ಈ ಸಲ ರಸ್ತೆಯಲ್ಲಿ ಉಬ್ಬೇನೂ ಇರಲಿಲ್ಲ.

ಜಿನ್ನವ್ವ: ನಾ ಯಾವಾಗ ಹೂಂ ಅಂದೆ?

ಶಾಂತಿನಾಥ: ಹೋದ ಯುಗಾದಿಗೆ. ಹಿಂಗ ಕೊಣ್ಣೂರ ದಾಟಿದ ಮ್ಯಾಲ. "ಅಕ್ಕನ್ನ ಕರಕೊಂಡ ಬರಲ್ಯಾ" ಅಂತ ಕೇಳಿದೆ. ನೀ ಜೋರಲೆ ತಲಿ ಅಲ್ಲಾಡಿಸಿದಿ.

ಜಿನ್ನವ್ವ: ತಗ್ಗಿತ್ತು ಅಲ್ಲಿ! ತಗ್ಗಿನ್ಯಾಗ ಎಲ್ಲಾರ ತಲೀನೂ ಅಲ್ಲಾಡತೈತಿ!

ಶಾಂತಿನಾಥ: ಎರಡ ಸರ್ತಿ ಅಲ್ಲಾಡಿತು.

ಜಿನ್ನವ್ವ: ಮುಂದಿನ ಗಾಲಿ ಒಂದ ಸರ್ತಿ, ಹಿಂದಿನ ಗಾಲಿ ಒಂದ ಸರ್ತಿ!

ಶಾಂತಿನಾಥ: ಪಾಪ, ಗಂಡಿಲ್ಲ, ಮಕ್ಕಳಿಲ್ಲ. ಗ್ವಾಡಿ ಕೂಡ ಮಾತಾಡಿಕೋಂತ ಕುಂಡರತಾಳ ಜಿನ್ನವ್ವಾ.

ಜಿನ್ನವ್ವ: ಗ್ವಾಡಿ ಪುಣ್ಯ ಮಾಡೈತಿ, ಅದಕ್ಕ ಕಿವಿ ಇಲ್ಲ. ಆಕಿ ಬಂದ್ರ ನನ್ನ ಅಡಗಿಮನಿ ನಂದ ಉಳಿಯೂದಿಲ್ಲ. ಉಳ್ಳಾಗಡ್ಡಿ ಮುಟ್ಟದ ನೇಮದಾಕಿ, ಬುಟ್ಟಿ ನೋಡಿದ್ರ ಹಾವ ನೋಡಿದಾಂಗ ಮಾಡತಾಳ. ಒಗ್ಗರಣಿ ಹಾಕೂ ಮುಂದ ಬೆನ್ನ ಹಿಂದ ಬಂದ ನಿಂತ ಹುಸ್ಸಂತ ಉಸರ ಬಿಡತಾಳ. ಒಂದ ಮಾತಿಲ್ಲ, ಬರೇ ಉಸರು! ಬೈದ್ರ ತಿರುಗಿ ಬೈಬಹುದು. ಉಸರಿಗೆ ಏನಂತ ಹೇಳಲಿ?

ಶಾಂತಿನಾಥ: ಮಾತ ಕೊಟ್ಟೇನಿ ಅಂದೆನಲ್ಲ.

ಜಿನ್ನವ್ವ: ಹಂಗಾರ ನೀವೂ ಭರಮಕ್ಕನೂ ಸುಖವಾಗಿರ್ರಿ. ನಾ ಧನ್ಯಾನ ಮನ್ಯಾಗ ಇರತೇನಿ. ಅಲ್ಲಿ ನನ್ನ ಜೀವಕ್ಕ ಜೀವ ಕೊಡತಾರ.

ಯಮಕನಮರಡಿ ಬಂತು, ಹೋಯಿತು. ಭರಮವ್ವನವರ ಮನೆಯ ಓಣಿಯ ಕಡೆಗೆ ಇಬ್ಬರೂ ಕತ್ತು ತಿರುಗಿಸಲಿಲ್ಲ. ಹುಕ್ಕೇರಿಯ ಮೊದಲ ಮನೆಗಳು ಕಾಣುವ ಹೊತ್ತಿಗೆ ಜಿನ್ನವ್ವ ತಮ್ಮ ಬಟ್ಟೆಯ ಗಂಟನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿದ್ದರು.

*

ಧನ್ಯಕುಮಾರನ ಮನೆಯ ಮುಂದೆ ದಾಸವಾಳದ ಬೇಲಿ. ಗಾಡಿ ಅದರ ಹೊರಗೆ ಬಂದು ನಿಂತಿತು. ನಾಯಿ ಬೊಗಳಲಿಲ್ಲ, ಓಣಿಯ ಹುಡುಗರು ಓಡಿಬರಲಿಲ್ಲ. ಬೇಲಿಯ ಆಚೆಗೆ ಪಡಸಾಲೆಯಿಂದ ಹಾರ್ಮೋನಿಯಂ ಕೇಳಿಸಿತು.

ಶಾಂತಿನಾಥ (ಪಿಸುಮಾತಿನಲ್ಲಿ): ನನ್ನ ಪೇಟಿ.

ಜಿನ್ನವ್ವ: ಶ್!

ನುಡಿಸಾಣಿಕೆ ನಿಂತಿತು. ಧನ್ಯಕುಮಾರನ ಹೆಂಡತಿ ಶ್ರದ್ಧಾಳ ದನಿ ಬಂತು.

ಶ್ರದ್ಧಾ: ಪೇಟಿ ಒಳಗ ಇಡರಿ ಇನ್ನ. ಅಕ್ಕಾ ಮಾಮಾ ಬರೂ ಹೊತ್ತಾತು. ನೋಡಿದ್ರ ಮಾಮಾ ತಿರುಗಿ ಕೇಳ್ಯಾರು.

ಧನ್ಯಕುಮಾರ: ಗಡಬಡಿ ಯಾಕ? ಆ ಗಾಡಿ ಯಮಕನಮರಡಿ ಬಿಟ್ಟಿದ್ದು ಇಲ್ಲಿ ಕೇಳಸತೈತಿ. ಕೇಳಿಸಿದ ಕೂಡಲೆ ಪೇಟಿ ಒಳಗ, ನಗಿ ಹೊರಗ.

ಶ್ರದ್ಧಾ: ಈ ಸರ್ತಿ ಎಷ್ಟ ದಿನಾ ಇರತಾರಂತ?

ಧನ್ಯಕುಮಾರ: ಕಾಲ ಕೂಡೂ ತನಕಾ.

ಶ್ರದ್ಧಾ: ಅಯ್ಯ ಶಿವನ!

ಧನ್ಯಕುಮಾರ: ಡಾಕ್ಟರಿಗೆ ಹೇಳೇನಿ, ಲಗೂನ ಕೂಡಸ್ರಿ ಅಂತ. ಎಲುವಿನ ಬ್ಯಾನಿ ತಡಕೋಬಹುದು ಶ್ರದ್ಧಾ, ನಮ್ಮ ಅಕ್ಕನ ಆರೈಕಿ ತಡಕೊಳ್ಳೂದ ಕಠಿಣ. ಆ ಎಣ್ಣಿ ತಿಕ್ಕಿದ್ರ ಮುರೀದ ಇದ್ದ ಕಾಲೂ ಮುರೀತೈತಿ.

ಶ್ರದ್ಧಾ: ಎಣ್ಣಿ ಹೆಂಗರೆ ಇರಲಿ. ನಾ ಪಲ್ಲ್ಯಾ ಮಾಡೂ ಮುಂದ ಹಿಂದ ಬಂದ ನಿಂದರತಾರ. ಏನೂ ಅನ್ನೂದಿಲ್ಲ. ಬರೇ ಉಸರ ಬಿಡತಾರ. ನನ್ನ ಕೈಯಾಗಿನ ಉಪ್ಪ ತಾನ ಹೆಚ್ಚಾಗಿ ಬೀಳತೈತಿ.

ಗಾಡಿಯೊಳಗೆ ಜಿನ್ನವ್ವ ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತುತ್ತ ಕುಳಿತಿದ್ದರು. ಮುಚ್ಚಳ ಮೊದಲೇ ಬಿಗಿಯಾಗಿತ್ತು. ಆದರೂ ಒತ್ತುತ್ತಲೇ ಇದ್ದರು.

ಜಿನ್ನವ್ವ: ನಾ ಉಸರ ಬಿಡತೇನಿ?

ಶಾಂತಿನಾಥರ ಬಾಯಿಗೆ ಒಳ್ಳೊಳ್ಳೆಯ ಮಾತುಗಳು ಬಂದವು. ಬದುಕಿನಲ್ಲಿ ಹೆಂಡತಿಯನ್ನು ಗೆಲ್ಲುವ ಅವಕಾಶ ಇಷ್ಟು ಹತ್ತಿರ ಅವರಿಗೆ ಎಂದೂ ಬಂದಿರಲಿಲ್ಲ. ಜಿನ್ನವ್ವನವರ ಮುಖ ನೋಡಿದರು. ಬಂದದ್ದನ್ನೆಲ್ಲ ನುಂಗಿದರು.

ಶಾಂತಿನಾಥ: ಉಸರ ಬಿಡದಾಂಗ ಮನಷ್ಯಾ ಹೆಂಗ ಬದಕತಾನ?

ಜಿನ್ನವ್ವ: ತಿರುಗಿ ಹೋಗೂಣು ನಡೀರಿ. ನನಗ ಇಳಿಯಾಕ ಆಗೂದಿಲ್ಲ.

ಶಾಂತಿನಾಥ: ಕಾಲ ಮುರದೈತಿ ಅಂವಂದು. ಹಂಗ ಹೋದ್ರ ನಾಳೆ ನಿನಗ ಸಂಕಟ ಆಗತೈತಿ. ತಡಿ.

ಅವರು ಗಾಡಿಯನ್ನು ಸದ್ದಿಲ್ಲದೆ ಹಿಂದಕ್ಕೆ ಬಿಟ್ಟು ಓಣಿಯ ಮೂಲೆಗೆ ಒಯ್ದರು. ಗಾಜು ಇಳಿಸಿದರು. ಕುತ್ತಿಗೆ ಹೊರಗೆ ಹಾಕಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು.

ಶಾಂತಿನಾಥ: ಡುರ್‌ರ್‌ರ್... ಡಬ್! ಡುರ್‌ರ್‌ರ್... ಡಬ್ ಡಬ್!

ಜಿನ್ನವ್ವ: ಏನ್ ಮಾಡಾಕತ್ತೀರಿ? ಹುಚ್ಚ ಹಿಡೀತಾ?

ಶಾಂತಿನಾಥ: ಅವರಿಗೆ ನಗಿ ಹಚ್ಚಿಕೊಳ್ಳಾಕ ಹೊತ್ತ ಬೇಕಲ್ಲ. ನೀನೂ ಒಂದ ಡಬ್ ಅನ್ನು, ನನಗ ದಮ್ಮ ಹತ್ತತೈತಿ.

ಜಿನ್ನವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಕಿಟಕಿಯ ಹೊರಗೆ ಮುಖ ಹಾಕಿದರು.

ಜಿನ್ನವ್ವ: ಡಬ್.

ಶಾಂತಿನಾಥ: ಜೋರಲೆ! ನಮ್ಮ ಗಾಡಿ ಎಂದಾದರೂ ಹಂಗ ಮೆತ್ತಗ ಅಂದೈತೇನು?

ಜಿನ್ನವ್ವ: ಡಬ್ ಡಬ್! ಡಬಾಲ್!

ಎದುರು ಮನೆಯ ಮುದುಕಿ ಗೌರವ್ವ ಹೊಸ್ತಿಲಿಗೆ ಬಂದು ನಿಂತು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಬೇಲಿಯ ಆಚೆಗೆ ಓಡಾಟ ಕೇಳಿಸಿತು, ಪಾತ್ರೆಯೊಂದು ಉರುಳಿತು, ಯಾರೋ "ಚಾದರ, ಚಾದರ" ಎಂದರು. ಶಾಂತಿನಾಥರು ಸಾಕಷ್ಟು ಹೊತ್ತು ಗುಡುಗಿ, ಆಮೇಲೆ ಗಾಡಿಯನ್ನು ಬಾಗಿಲಿಗೆ ತಂದರು.

ಧನ್ಯಕುಮಾರ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದ. ಗಂಡ ಹೆಂಡತಿ ಇಬ್ಬರ ಮುಖದಲ್ಲೂ ನಗೆ ಸಿದ್ಧವಾಗಿತ್ತು. ಅವನ ಪಕ್ಕದಲ್ಲಿ ಚಾದರ ಹೊದ್ದ ಒಂದು ಚೌಕ ಗಂಟು.

ಧನ್ಯಕುಮಾರ: ಬರ್ರಿ ಮಾಮಾ, ಬಾ ಅಕ್ಕಾ! ಗಾಡಿ ಆವಾಜ್ ಕೇಳಿದೆ, ಬಂದ್ರಿ ಅಂತ ಖುಷಿ ಆತು. ಆದ್ರ ಆವಾಜ್ ಯಾಕೋ ಬ್ಯಾರೆ ಕೇಳಿಸ್ತು.

ಶಾಂತಿನಾಥ: ಹೊಸಾ ಸೈಲೆನ್ಸರ್ ಹಾಕಿಸೇನಿ. ಅದಕ್ಕ ಹಂಗ.

ಅವರು ಕುಳಿತು, ಯಾವುದೋ ತಲೆದಿಂಬೆಂದು ಚಾದರದ ಗಂಟಿನ ಮೇಲೆ ಮೊಣಕೈ ಊರಿದರು. ಗಂಟು ಪೀಂ ಎಂದು ಉದ್ದಕ್ಕೆ ಒದರಿತು. ಧನ್ಯಕುಮಾರನ ನಗೆ ಅಲ್ಲೇ ಗಟ್ಟಿಯಾಯಿತು. ಶ್ರದ್ಧಾ ನೀರಿನ ತಂಬಿಗೆ ಹಿಡಿದವಳು ಹಾಗೇ ನಿಂತಳು.

ಶಾಂತಿನಾಥ: ಏನೂ ತಿಳಕೋಬ್ಯಾಡ್ರಿ. ನನಗ ಒಂದ ಸ್ವಲ್ಪ ಗ್ಯಾಸ್.

ಜಿನ್ನವ್ವ: ಹೌದವಾ, ಬಾಳ ದಿನದ್ದು ಇವರದು.

ಊಟವಾಯಿತು. ಜಿನ್ನವ್ವ ಅಡುಗೆಮನೆಯ ಕಡೆಗೆ ಕಾಲಿಡಲಿಲ್ಲ. ಬದನೆಕಾಯಿ ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿತ್ತು. ಬಡಿಸಿದ್ದನ್ನು ತಿಂದು ಇನ್ನಷ್ಟು ಹಾಕಿಸಿಕೊಂಡರು. ಶ್ರದ್ಧಾ ಮತ್ತೆ ಮತ್ತೆ ಅವರ ಮುಖ ನೋಡಿದಳು. ಕೈ ತೊಳೆದ ಮೇಲೆ ಜಿನ್ನವ್ವ ಉಂಡೆಯ ಡಬ್ಬಿಯನ್ನು ಅವಳ ಕೈಗಿಟ್ಟರು; ಎಣ್ಣೆಯ ಶೀಸೆಯನ್ನು ಮಾತ್ರ ತಿರುಗಿ ಚೀಲಕ್ಕೆ ಹಾಕಿಕೊಂಡರು.

ಜಿನ್ನವ್ವ: ಹೊತ್ತ ಮುಳುಗೂದರೊಳಗ ಮನಿ ಮುಟ್ಟಬೇಕು. ಬರತೇವಪಾ.

ಧನ್ಯಕುಮಾರ: ಹಂಗಂದ್ರ? ನೀ ಇರಾಕ ಬಂದಿದ್ದಿಯಲ್ಲಾ ಅಕ್ಕಾ?

ಜಿನ್ನವ್ವ: ಇಲ್ಲಪಾ. ನಿನ್ನ ಕಾಲಿಗೆ ಶ್ರದ್ಧಾ ಸಾಕು. ನಮ್ಮ ಮನಿಗೆ ಇವರ ಅಕ್ಕ ಭರಮವ್ವ ಬರಾಕತ್ತಾಳ. ಕಾಯಂ ಇರಾಕ. ಆಕಿಗೆ ಒಂದ ಖೋಲಿ ಹಸನ ಮಾಡಬೇಕು.

ಶಾಂತಿನಾಥರು ಕುಡಿಯುತ್ತಿದ್ದ ಮಜ್ಜಿಗೆ ಮೂಗಿಗೆ ಹತ್ತಿತು. ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು, ಈ ಮಾತು ನಿಜವೋ ಎಂದು ಹೆಂಡತಿಯ ತಲೆಯ ಕಡೆಗೇ ನೋಡಿದರು. ನೆಲದಲ್ಲಿ ತಗ್ಗಿಲ್ಲ, ಗಾಲಿಯಿಲ್ಲ. ಜಿನ್ನವ್ವನವರ ತಲೆ ತಾನಾಗಿಯೇ ಸ್ಪಷ್ಟವಾಗಿ ಹೌದೆಂದು ಆಡಿತು.

*

ತಿರುಗಿ ಬರುವಾಗ ಬಿಸಿಲು ಇಳಿದಿತ್ತು.

ಶಾಂತಿನಾಥ: ಖರೇನ ಅಂದಿ?

ಜಿನ್ನವ್ವ: ಖರೇನ. ಆದ್ರ ಉಳ್ಳಾಗಡ್ಡಿ ಬುಟ್ಟಿ ಎಲ್ಲೈತಿ ಅಲ್ಲೇ ಇರತೈ‌ತಿ. ಆಕಿ ಕಣ್ಣ ಮುಚ್ಚಿಕೊಳ್ಳಲಿ.

ಶಾಂತಿನಾಥ: ಮುಚ್ಚತಾಳ.

ಜಿನ್ನವ್ವ: ಉಸರ ಬಿಟ್ರ ನಾನೂ ತಿರುಗಿ ಬಿಡತೇನಿ. ಯಾರ ದಮ್ಮ ಎಷ್ಟೈತಿ ನೋಡೇಬಿಡೂಣು.

ಶಾಂತಿನಾಥರಿಗೆ ಹಾಡಬೇಕೆನ್ನಿಸಿತು. ಹೆಂಡತಿಯ ಕಡೆಗೊಮ್ಮೆ ನೋಡಿ ಆ ಆಸೆಯನ್ನು ಕೈಬಿಟ್ಟರು.

ಯಮಕನಮರಡಿಗೆ ಸ್ವಲ್ಪ ಮೊದಲು ರಸ್ತೆಯ ತುಂಬ ಕುರಿಗಳು. ಕುರಿ ಕಾಯುವವನು ಹೆಗಲಿನ ಕೋಲಿಗೆ ಕೈ ಜೋತು ಹಾಕಿ, ಇವರಿಗೆ ಬೆನ್ನು ಮಾಡಿ, ನಡು ರಸ್ತೆಯಲ್ಲಿ ನಿಧಾನಕ್ಕೆ ನಡೆದಿದ್ದ. ಹಿಂದೆ ಒಂದು ಗಾಡಿ ಬಂದು ನಿಂತದ್ದು ಅವನಿಗೂ ಗೊತ್ತಿಲ್ಲ, ಕುರಿಗಳಿಗೂ ಗೊತ್ತಿಲ್ಲ. ಶಾಂತಿನಾಥರು ಹಾರ್ನ್ ಒತ್ತಿದರು. ಅದು ಕಿಕ್ ಎನ್ನಲೂ ಇಲ್ಲ. ಯಾವ ಕಾಲದಲ್ಲಿ ಸತ್ತಿತ್ತೋ, ಈ ಗಾಡಿಗೆ ಹಾರ್ನ್ ಬೇಕೆಂದು ಇಂದಿನ ತನಕ ಯಾರಿಗೂ ಅನ್ನಿಸಿರಲಿಲ್ಲ.

ಶಾಂತಿನಾಥ: ಈಗ ಇದನ್ನೊಂದ ಹಾಕಸಬೇಕಾತಲ್ಲ. ನಾಳೆ ಮತ್ತ ಯಲ್ಲಪ್ಪನ ಕಡೆ ಹೋಗಬೇಕು.

ಜಿನ್ನವ್ವ: ತಡೀರಿ, ನಾ ಇದ್ದೇನಲ್ಲ.

ಅವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದರು.

ಜಿನ್ನವ್ವ: ಏ ಕುರಿಯಪ್ಪಾ! ಕಿವ್ಯಾಗ ಹತ್ತಿ ಇಟ್ಟೀಯೇನೋ! ಸರೀತಿಯೋ, ಇಲ್ಲಾ ನಾನ ಇಳದ ಬರಲ್ಯೋ!

ಕುರಿಗಳು ಎರಡೂ ಬದಿಯ ಹೊಲಕ್ಕೆ ಹಾರಿದವು. ಒಂದು ಮರಿ ಕಬ್ಬಿನೊಳಗೆ ನುಗ್ಗಿತು. ಕುರಿಗಾರ ಬೆಚ್ಚಿ ತಿರುಗಿ, ಕೋಲು ಎತ್ತಿಕೊಂಡು ಬದಿಗೆ ನಿಂತ. ಗಾಡಿ ಪಕ್ಕದಲ್ಲಿ ಸರಿದು ಹೋಗುವಾಗ ಅದರ ಬಾನೆಟ್ಟನ್ನೂ ಜಿನ್ನವ್ವನವರನ್ನೂ ಒಂದೊಂದು ಸಲ ನೋಡಿದ.

ಕುರಿಗಾರ: ಕಾಕಾ, ಗಾಡಿ ಭಾರಿ ಐತ್ರಿ, ಪಿಟ್ಟ ಅನ್ನೂದಿಲ್ಲ. ಅಕ್ಕಾರಿಗೂ ಒಂದ ಸೈಲೆನ್ಸರ್ ಹಾಕಸಬೇಕಿಲ್ರಿ?

ಜಿನ್ನವ್ವ: ಹಾಕಿದ್ರಪಾ! ಮೂವತ್ತ ವರ್ಷ ಹಾಕಿದ್ರು! ಇವತ್ತ ಮುಂಜಾನೆ ಗೋಕಾಕದಾಗ ಬಿಚ್ಚಿಸ್ಯಾರ!